ತೊಲೆಗೆ ಅಂಟಿಸಿದ ಗಾಜು

ನಮ್ಮ ಮನೆಯ ಗೋಡೆಗಳು ನಮ್ಮವು, ಕಂಬಗಳು ನಮ್ಮವಲ್ಲ. ಬುದ್ಧಿ ಬಂದಾಗಿನಿಂದ ನಾನು ಈ ಮಾತು ಕೇಳುತ್ತಲೇ ಬೆಳೆದೆ. ಹಂಪಿಯ ದೊಡ್ಡ ಗುಡಿಯ ಮುಂದಿನ ಬಜಾರಿನ ಸಾಲಿನಲ್ಲಿ, ಅರಸರ ಕಾಲದ ಒಂದು ಕಲ್ಲುಮಂಟಪದೊಳಗೆ ನಮ್ಮ ಸಂಸಾರವಿತ್ತು. ನನ್ನ ಅಜ್ಜ ಮಂಟಪದ ಕಂಬ ಕಂಬಗಳ ನಡುವೆ ಇಟ್ಟಿಗೆ ಮತ್ತು ಮಣ್ಣಿನ ಗೋಡೆ ಎಬ್ಬಿಸಿ, ಮುಂದೆ ಬಾಗಿಲು ಕೂರಿಸಿ ಅದನ್ನು ಮನೆ ಮಾಡಿದ್ದನಂತೆ. ಹಾಗಾಗಿ ನಡುಮನೆಯ ಗೋಡೆಯಲ್ಲಿ ಕಂಬಗಳು ಅರ್ಧ ಹುಗಿದು ಅರ್ಧ ಹೊರಗೆ ಕಾಣುತ್ತಿದ್ದವು. ಒಂದರ ಮೇಲೆ ಆನೆ, ಒಂದರ ಮೇಲೆ ಬಿಲ್ಲು ಹಿಡಿದ ಬೇಡ, ಒಂದರ ಮೇಲೆ ಬಾಲ ಎತ್ತಿದ ಮಂಗ. ಬೇಡನ ಬಲಗೈ ಅಜ್ಜನ ಗೋಡೆಯೊಳಗೆ ಸೇರಿಹೋಗಿತ್ತು. ಅವನು ಏನಕ್ಕೆ ಗುರಿ ಇಟ್ಟಿದ್ದಾನೆಂದು ನಾನು ಮಲಗಿಕೊಂಡು ಯೋಚಿಸುತ್ತಿದ್ದೆ. ಮೇಲೆ ಉದ್ದುದ್ದ ಕಲ್ಲಿನ ತೊಲೆಗಳು, ಅವುಗಳ ಮೇಲೆ ಅಗಲ ಚಪ್ಪಡಿ. ಬೇಸಿಗೆಯಲ್ಲಿ ಊರೆಲ್ಲ ಬೆಂದು ಹೋಗುತ್ತಿದ್ದರೂ ನಮ್ಮ ನಡುಮನೆಯ ನೆಲ ತಣ್ಣಗಿರುತ್ತಿತ್ತು. ರಜೆಯಲ್ಲಿ ಬಂದ ನಂಟರು ನೆಲಕ್ಕೆ ಬೆನ್ನು ಹಚ್ಚಿದರೆ ಏಳುತ್ತಿರಲಿಲ್ಲ.

ಹಿಂದಿನ ಅಂಕಣ ಅಡುಗೆಮನೆ. ಅಲ್ಲಿ ತೊಲೆ ಸ್ವಲ್ಪ ತಗ್ಗು. ಅಜ್ಜಿ ಮದುವೆಯಾಗಿ ಬಂದಾಗ ಹಾಕಿದ ಒಲೆ ಅದರ ಕೆಳಗೇ ಇತ್ತು. ಹೊಗೆ ಕುಡಿದು ಕುಡಿದು ತೊಲೆಯ ಮೇಲಿನ ಹೂಬಳ್ಳಿಯ ಕೆತ್ತನೆ ಎಣ್ಣೆ ಸವರಿದಂತೆ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಗ್ಯಾಸು ಬಂದಮೇಲೂ ರೊಟ್ಟಿಗೆ ಆ ಒಲೆಯೇ. ನಮ್ಮ ಅಡುಗೆಮನೆಗೂ ಪಕ್ಕದ ಗಂಗವ್ವನ ಅಡುಗೆಮನೆಗೂ ನಡುವಿನ ಗೋಡೆ ಮೇಲಿನ ತನಕ ಮುಟ್ಟಿರಲಿಲ್ಲ. ಅವಳ ಒಗ್ಗರಣೆಯ ಘಾಟು, ಅವಳ ಮೊಮ್ಮಕ್ಕಳ ಗದ್ದಲ ನಮಗೆ, ನಮ್ಮ ಜಗಳ ಅವಳಿಗೆ. ಉಪ್ಪು, ಬೆಂಕಿಪೊಟ್ಟಣ ಗೋಡೆಯ ಮೇಲಿಂದಲೇ ದಾಟುತ್ತಿದ್ದವು. ನನ್ನ ತಮ್ಮ ಬಸು ಹುಟ್ಟಿದಾಗ ಅವನ ತೊಟ್ಟಿಲನ್ನೂ ಅಡುಗೆಮನೆಯಲ್ಲೇ ಕಟ್ಟಿದರು. ಅವ್ವ ದಿನವಿಡೀ ಇರುತ್ತಿದ್ದುದು ಅಲ್ಲೇ. ಎರಡು ಕಂಬಗಳ ತಲೆಯ ಮೇಲಿನ ಬೋದಿಗೆಗಳ ನಡುವೆ ದಪ್ಪನೆಯ ಬಿದಿರು ಸೇರಿಸಿ ಅದಕ್ಕೆ ಹಗ್ಗ ಬಿಟ್ಟಿದ್ದರು.

ಮುಂದಿನ ಕಟ್ಟೆಯ ಮೇಲೆ ಅಪ್ಪನ ಅಂಗಡಿ. ಕಾಯಿ, ಊದುಬತ್ತಿ, ವಿಭೂತಿ ಗಟ್ಟಿ, ದೇವರ ಪಟ. ಅಂಗಡಿಯ ಪಕ್ಕ ಎರಡು ಮೇಜು ಹಾಕಿ ಅವ್ವ ಊಟ ಕೊಡುತ್ತಿದ್ದಳು. ಬಂದವರಲ್ಲಿ ಅರ್ಧ ಜನ ಉಂಡು ಮುಗಿಸಿ, ಹೇಳದೆ ಕೇಳದೆ ನಡುಮನೆಗೆ ಹೆಜ್ಜೆ ಇಟ್ಟು ಕಂಬದ ಫೋಟೊ ಹೊಡೆಯುತ್ತಿದ್ದರು. ಅಜ್ಜಿ ಕೂದಲು ಬಿಚ್ಚಿಕೊಂಡು ಕೂತಿದ್ದರೆ ಅಜ್ಜಿಯದ್ದೂ ಸೇರಿ. ಪುರಾತತ್ವ ಇಲಾಖೆಯವರು ಆಗಾಗ ಬಂದು, ಮೊಳೆ ಹೊಡೆಯಬೇಡಿ, ಕಂಬಕ್ಕೆ ಬಣ್ಣ ಬಳಿಯಬೇಡಿ, ಹೊಸದಾಗಿ ಏನೂ ಕಟ್ಟಬೇಡಿ ಎಂದು ಹೇಳಿ ಹೋಗುತ್ತಿದ್ದರು. ಅವರ ಜೀಪು ಬೀದಿಗೆ ತಿರುಗಿತೆಂದರೆ ಮನೆಯಿಂದ ಮನೆಗೆ ಸುದ್ದಿ ಓಡುತ್ತಿತ್ತು. ಒಣಹಾಕಿದ್ದ ಸೀರೆ ಇಳಿಯುತ್ತಿತ್ತು, ತಗಡಿನ ಚಪ್ಪರದ ಗೂಟ ಕಿತ್ತು ಒಳಗೆ ಹೋಗುತ್ತಿತ್ತು. ಅಜ್ಜಿ ಮಾತ್ರ ಪ್ರತಿ ಉಗಾದಿಗೆ ಕಂಬಗಳಿಗೆ ಸುಣ್ಣ ಹೊಡೆಸಿ, ಕೆಮ್ಮಣ್ಣಿನ ಪಟ್ಟಿ ಎಳೆದು, ಆನೆಯ ಹಣೆಗೆ ಕುಂಕುಮವಿಟ್ಟೇ ಹೋಳಿಗೆಗೆ ಕೈ ಹಾಕುತ್ತಿದ್ದಳು. ಕೇಳಿದವರಿಗೆ ಅವಳದು ಒಂದೇ ಉತ್ತರ:

"ರಾಜರು ಕಟ್ಟಿ ಬಿಟ್ಟು ಹೋದರಪಾ. ಸಾರಿಸಿ ಗುಡಿಸಿ ಇಟ್ಟಾಕಿ ನಾನು."

ಆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ದನಿ ಎತ್ತರಿಸಿ ಮಾತಾಡುತ್ತಿದ್ದವನು ಚಿಗಪ್ಪ, ಅಪ್ಪನ ತಮ್ಮ ವೀರೇಶ. ಸಂಡೂರಿನ ಬೆಟ್ಟಗಳಿಂದ ಅದಿರು ಹೊತ್ತ ಲಾರಿಗಳು ಹಗಲಿರುಳು ಹರಿದಾಡುತ್ತಿದ್ದ ಕಾಲ ಅದು. ಬೇರೆಯವರ ಲಾರಿಯಲ್ಲಿ ಕ್ಲೀನರಾಗಿ ಹೋದವನು ಡ್ರೈವರಾಗಿ, ನೋಡನೋಡುತ್ತ ಸ್ವಂತ ಲಾರಿಯ ಧಣಿಯೇ ಆಗಿಬಿಟ್ಟಿದ್ದ. ಹೊಸಪೇಟೆಯ ಹೊರವಲಯದಲ್ಲಿ ಲಾರಿ ನಿಲ್ಲಿಸಿ ಮೋಟರ್‌ಸೈಕಲ್ಲಿನಲ್ಲಿ ಮನೆಗೆ ಬಂದರೆ ಹುಬ್ಬು, ಕಿವಿ, ಉಗುರು ಎಲ್ಲ ಕೆಂಪು. ಅವನು ಮಿಂದ ಬಚ್ಚಲ ನೀರೂ ಕೆಂಪಗೆ ಹರಿಯುತ್ತಿತ್ತು. ಕೈ ಧಾರಾಳ. ಮಿಕ್ಸಿ ತಂದ, ಬಣ್ಣದ ಟೀವಿ ತಂದ, ನನಗೆ ಸೈಕಲ್ ತಂದ. ಅವನು ಉಣ್ಣಲು ಕೂತರೆ ಅಜ್ಜಿ ತಾನೇ ಎದ್ದು ತುಪ್ಪ ಬಡಿಸುತ್ತಿದ್ದಳು. ಅಪ್ಪ ಎದುರಿಗೆ ಕೂತು ತನ್ನ ಪಾಡಿಗೆ ರೊಟ್ಟಿ ಮುರಿಯುತ್ತಿದ್ದ. ಅಪ್ಪನಿಗೆ ಮಾತು ಕಡಿಮೆ; ಚಿಗಪ್ಪ ದೊಡ್ಡವನಾದಂತೆ ಅದು ಇನ್ನೂ ಕಡಿಮೆಯಾಗಿತ್ತು.

ಚಿಗಪ್ಪನಿಗೆ ಒಂದೇ ಕನಸು. ಮಂಟಪದ ಮೇಲೆ ಮೂರು ಕೋಣೆ ಎಬ್ಬಿಸಬೇಕು, ಹೊರದೇಶದಿಂದ ಬಂದವರಿಗೆ ಬಾಡಿಗೆಗೆ ಕೊಡಬೇಕು, ಬೆಳಗ್ಗೆ ಎದ್ದು ಬಾಗಿಲು ತೆರೆದರೆ ಅವರಿಗೆ ನೇರ ಗೋಪುರ ಕಾಣಬೇಕು.

"ಇಡೀ ಜಿಲ್ಲಾ ಮ್ಯಾಲೇಳಾಕ ಹತ್ತೈತಿ ಅಣ್ಣ. ನಾವೊಬ್ರೇ ಕಲ್ಲಿನ ಬುಡಕ್ಕ ಕುಂತೀವಿ."

"ಹೊಸದು ಕಟ್ಟಂಗಿಲ್ಲ ವೀರೇಶ," ಅಂದ ಅಪ್ಪ.

"ಯಾರು ಕಟ್ಟಿಲ್ಲ ಹೇಳು? ಹಿಂದಿನ ಓಣ್ಯಾಗ ನೋಡಿ ಬಾ ಹೋಗು."

ಅಪ್ಪ ಎದ್ದು ಕೈ ತೊಳೆದುಕೊಂಡ. ಅವನ ಮೌನವನ್ನು ಚಿಗಪ್ಪ ತನಗೆ ಬೇಕಾದಂತೆ ಅರ್ಥ ಮಾಡಿಕೊಂಡ. ಆ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸ್ವಲ್ಪ ಸ್ವಲ್ಪವೇ ಇಟ್ಟಿಗೆ ಏರಿತು, ಚೀಲ ಚೀಲ ಉಸುಕು ಏರಿತು, ಕಬ್ಬಿಣದ ಸರಳುಗಳು ಏರಿದವು. ಬೀದಿಗೆ ಕಾಣದಂತೆ ಹಿಂಭಾಗದಲ್ಲಿ, ಅಂದರೆ ಅಡುಗೆಮನೆಯ ನೆತ್ತಿಯ ಮೇಲೆ ಅವನ್ನೆಲ್ಲ ಪೇರಿಸಿ, ಮೇಲೆ ತಾಡಪಾಲು ಹೊದಿಸಿದರು. ಪ್ರತಿ ವರ್ಷ ನಾವು ಹಪ್ಪಳ, ಮೆಣಸಿನಕಾಯಿ ಒಣಗಿಸುತ್ತಿದ್ದ ಜಾಗ ಅದು. ಆ ವರ್ಷ ಅವ್ವ ಹಪ್ಪಳವನ್ನು ಗಂಗವ್ವನ ಮಾಳಿಗೆಯ ಮೇಲೆ ಹಾಕಿದಳು.

ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ಬೆಳಗ್ಗೆ ಬಸು ತೊಟ್ಟಿಲಲ್ಲಿ ಕೆಮ್ಮಿ ಕೆಮ್ಮಿ ಅಳತೊಡಗಿದ. ಅವ್ವ ರೊಟ್ಟಿ ಬಿಟ್ಟು ಎದ್ದಳು. ನಾನು ಅಲ್ಲೇ ಕೂತು ಶಾಲೆಗೆ ಜಡೆ ಹಾಕಿಕೊಳ್ಳುತ್ತಿದ್ದೆ. ಕೂಸಿನ ರೆಪ್ಪೆಯ ಮೇಲೆ, ತುಟಿಯ ಮೇಲೆ ಬೂದು ಪುಡಿ ಉದುರಿತ್ತು. ಅವ್ವ ಅವನ ಬಾಯಿಗೆ ಬೆರಳು ಹಾಕಿ ಒಂದು ಚೂರು ತೆಗೆದಳು. ಜೋಳದ ಕಾಳಿನಷ್ಟು ಕಲ್ಲು. ಮೇಲೆ ನೋಡಿದರೆ ಕಪ್ಪು ತೊಲೆಯ ನಡುಮಧ್ಯದಲ್ಲಿ, ಹೂಬಳ್ಳಿಯನ್ನು ಕತ್ತರಿಸಿದಂತೆ ಒಂದು ಬಿಳಿ ಗೆರೆ. ಹೊಗೆ ಮುಟ್ಟದ, ಈಗಷ್ಟೇ ತೆರೆದ ಕಲ್ಲಿನ ಬಿಳುಪು. ಅವ್ವ ಕೂಸನ್ನು ನನ್ನ ಮಡಿಲಿಗೆ ಹಾಕಿ, ಬಿದಿರಿನಿಂದ ಹಗ್ಗ ಬಿಚ್ಚಿ, ತೊಟ್ಟಿಲನ್ನು ನಡುಮನೆಗೆ ಎಳೆದುಕೊಂಡು ಹೋದಳು. ಆಮೇಲೆ ಬಂದು ಒಲೆಯ ಬೆಂಕಿ ಆರಿಸಿದಳು.

ಆ ಸಂಜೆ ಮನೆಯವರೆಲ್ಲ ತೊಲೆಯ ಕೆಳಗೆ ನಿಂತರು. ಚಿಗಪ್ಪ ಸ್ಟೂಲು ಹತ್ತಿ ಬಿರುಕಿಗೆ ಉಗುರು ತೂರಿಸಿ ನೋಡಿದ.

"ಹಳೇ ಬಿರುಕು. ಮಸಿ ಉದುರೈತಿ, ಕಾಣಾಕ ಹತ್ತೈತಿ, ಅಷ್ಟ."

"ಮ್ಯಾಲಿನ ಭಾರ ಇಳಸ್ರಿ ವೀರೇಶಪ್ಪ," ಎಂದಳು ಅವ್ವ.

"ಇಳಸ್ತೀನಿ ಅತ್ತಿಗಿ. ಈಗ ಇಳಿಸಿದ್ರ ಬೀದಿ ಮಂದಿಯೆಲ್ಲ ನೋಡ್ತಾರ. ಸ್ವಲ್ಪ ತಡೀರಿ."

"ಹಂಗಾರ ಇಲಾಖೆಯವ್ರಿಗೆ ಹೇಳೂಣ. ಅವರೇ ಬಂದು ಗಟ್ಟಿ ಮಾಡ್ತಾರ."

ಅಜ್ಜಿ ಸಿಡಿದೆದ್ದಳು.

"ತಲಿ ನೆಟ್ಟಗೈತೇನ ಪಾರವ್ವ ನಿಂದು? ಬಿರುಕು ಬಿಟ್ಟೈತಿ ಅಂದ್ರ ಮೊದಲು ನಮ್ಮನ್ನ ಹೊರಗ ಹಾಕ್ತಾರ. ಅವರು ದಾರಿ ಕಾಯೋದೇ ಅದಕ್ಕ. ಇದೇ ತೊಲಿ ಬುಡಕ್ಕ ನಾನು ಎಲ್ಲಾ ಬಾಣಂತನ ಮಾಡೀನಿ. ಏನಾಗೈತಿ ನಂಗ?"

"ನಿಮ್ಮ ಮಕ್ಕಳ ಬಾಯಾಗ ಕಲ್ಲು ಬಿದ್ದಿರಲಿಲ್ಲ ಅತ್ತಿ."

ಗೋಡೆಯ ಆ ಕಡೆ ಗಂಗವ್ವನ ಪಾತ್ರೆಯ ಸದ್ದು ನಿಂತುಹೋಯಿತು. ಕೇಳಿಸಿಕೊಳ್ಳುತ್ತಿದ್ದಾಳೆಂದು ಎಲ್ಲರಿಗೂ ಗೊತ್ತಾಯಿತು. ಅಜ್ಜಿ ದನಿ ತಗ್ಗಿಸಿದಳು. ಮರುದಿನ ಅವಳೇ ಸುಣ್ಣ ಕಲಸಿ, ಚಿಗಪ್ಪನ ಕೈಯಲ್ಲಿ ಬಿರುಕಿಗೆ ಮೆತ್ತಿಸಿ, ಮೇಲೆ ಮಸಿ ಸವರಿಸಿದಳು. ಗೆರೆ ಕಾಣದಂತಾಯಿತು. ಆದರೆ ನನ್ನ ಕಣ್ಣು ಮಾತ್ರ ಅಲ್ಲಿಂದ ಕದಲಲಿಲ್ಲ. ಇವತ್ತಿಗೂ ಯಾರ ಮನೆಗೆ ಹೋದರೂ ಕೂರುವ ಮೊದಲು ತಲೆ ಎತ್ತಿ ಮಾಳಿಗೆ ನೋಡುತ್ತೇನೆ. ಏನು ನೋಡ್ತೀಯ ಎಂದು ಕೇಳಿದವರಿಗೆ ಏನಿಲ್ಲ ಎನ್ನುತ್ತೇನೆ.

ಅವ್ವ ಆಮೇಲೆ ಮಾಡಿದ್ದು ಅಜ್ಜಿಯ ಪಾಲಿಗೆ ಬಿರುಕಿಗಿಂತ ದೊಡ್ಡ ಅನಾಹುತ. ಗ್ಯಾಸಿನ ಒಲೆಯನ್ನು ಮುಂದಿನ ಕಟ್ಟೆಗೆ ಸಾಗಿಸಿ, ಹಿಂದಿನ ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಹೂಡಿ ರೊಟ್ಟಿ ಬಡಿಯತೊಡಗಿದಳು. ಮಳೆ ಹನಿದರೆ ತಲೆಯ ಮೇಲೆ ಗೋಣಿ. ಅತ್ತೆ ಹಾಕಿದ ಒಲೆಯನ್ನು ಸೊಸೆ ತಣ್ಣಗೆ ಬಿಡುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಅಜ್ಜಿ ಹಟಕ್ಕೆ ಬಿದ್ದು ಒಳಗಿನ ಒಲೆ ಹೊತ್ತಿಸಿ, ತನಗೂ ಚಿಗಪ್ಪನಿಗೂ ಬೇರೆ ಅನ್ನ ಮಾಡಿಕೊಂಡಳು. ಒಂದೇ ಮನೆಯಲ್ಲಿ ಎರಡು ಹೊಗೆ. ಊಟದ ಹೊತ್ತಿಗೆ ಅಪ್ಪ ಎಲ್ಲಿ ಕೂರಬೇಕೆಂದು ತಿಳಿಯದೆ ಅಂಗಡಿಯಲ್ಲೇ ಮಂಡಕ್ಕಿ ತಿಂದು ಕಾಲ ಹಾಕಿದ. ಅಜ್ಜಿ ನನ್ನನ್ನು ಒಳಗೆ ಕರೆದು ತಟ್ಟೆ ಇಡುತ್ತಿದ್ದಳು. ಅವ್ವ ಹೊರಗಿನಿಂದ ನನ್ನ ಹೆಸರು ಹಿಡಿದು ಕೂಗುತ್ತಿದ್ದಳು. ಸುಮಿ, ಸುಮಿ ಎಂದು ಎರಡೂ ಕಡೆಯಿಂದ. ನಾನು ತಟ್ಟೆ ಎತ್ತಿಕೊಂಡು ಹೊಸ್ತಿಲ ಮೇಲೆ ಕೂತು ಉಂಡೆ.

ಒಂದು ದಿನ ಅಜ್ಜಿ ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ, ಮೆತ್ತಿದ್ದ ಸುಣ್ಣ ಹಕ್ಕಳೆಯಾಗಿ ಕಳಚಿ ಒಗ್ಗರಣೆಯ ಸಟ್ಟುಗದ ಪಕ್ಕಕ್ಕೇ ಬಿತ್ತು. ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಿಂದಿನ ತಿಪ್ಪೆಗೆ ಎಸೆದು ಬಂದಳು. ಅವ್ವ ನೋಡಿದಳು. ಬಸುವನ್ನು ಅಪ್ಪನ ಹತ್ತಿರ ಬಿಟ್ಟು, ಸೀರೆ ಬದಲಿಸಿ, ನನ್ನ ಕೈ ಹಿಡಿದು ಕಮಲಾಪುರದ ಬಸ್ಸು ಹತ್ತಿದಳು. ಸಂತೆಗೆ ಎಂದುಕೊಂಡೆ. ಅವತ್ತು ಸಂತೆಯಲ್ಲ ಎಂಬುದು ಬಸ್ಸು ಇಳಿದಾಗಲೇ ಹೊಳೆದದ್ದು.

ಇಲಾಖೆಯ ಕಚೇರಿಯ ಮುಂದೆ ಕೈ ಮುರಿದ ವಿಗ್ರಹಗಳು ಸಾಲಾಗಿ ನಿಂತಿದ್ದವು. ಒಳಗೆ ಮೈಸೂರು ಕಡೆಯ ಎಂಜಿನಿಯರ್ ಒಬ್ಬರು ಕೂತಿದ್ದರು. ಅವ್ವ ಬಾಗಿಲಲ್ಲೇ ನಿಂತು ಹೇಳಿದಳು:

"ಸಾಹೇಬ್ರ, ನಮ್ಮ ಅಡಿಗಿಮನಿ ತೊಲಿ ಬಿರುಕು ಬಿಟ್ಟೈತ್ರಿ. ಕಲ್ಲು ಉದರಾಕ ಹತ್ತಾವ. ಮನ್ಯಾಗ ಸಣ್ಣ ಕೂಸೈತಿ."

ಅವರು ಎದ್ದು ಕುರ್ಚಿ ಎಳೆದುಕೊಟ್ಟರು. ಎಲ್ಲಿ, ಎಷ್ಟು ಅಗಲ, ಯಾವಾಗ ಕಂಡಿತು ಎಂದೆಲ್ಲ ಕೇಳಿದರು. ಅವ್ವ ಮೇಲಿನ ಇಟ್ಟಿಗೆಯ ವಿಷಯ ಬಿಟ್ಟು ಉಳಿದದ್ದೆಲ್ಲ ಹೇಳಿದಳು. ಕೊನೆಗೆ ಅವರು ಪೆನ್ನು ಮುಚ್ಚಿಟ್ಟು ಹೇಳಿದರು:

"ತಾಯಿ, ನಾನು ಮುಚ್ಚುಮರೆ ಮಾಡೋದಿಲ್ಲ. ತೊಲೆ ಕೆಟ್ಟಿದ್ರೆ ಆಸರೆ ಕೊಡಬೇಕು. ಆಸರೆ ಕೊಡೋಕೆ ನೀವು ಕಟ್ಟಿರೋ ಗೋಡೆ ತೆಗೀಬೇಕು. ತೆಗೆದ ಗೋಡೇನ ಮತ್ತೆ ಕಟ್ಟೋಕೆ ಅನುಮತಿ ಕೊಡೋ ಅಧಿಕಾರ ನನಗಿಲ್ಲ. ಇದನ್ನ ತಿಳ್ಕೊಂಡು ನನ್ನನ್ನ ಕರೀರಿ."

ಅವ್ವ ನೆಲ ನೋಡಿದಳು. ಅವಳು ಹಾಗೆಯೇ ಎದ್ದು ಬಂದುಬಿಡುತ್ತಾಳೆಂದು ನಾನು ಎಣಿಸಿದೆ. ಬರಲಿ ಎಂದು ಒಳಗೊಳಗೇ ಬೇಡಿಕೊಂಡೆ ಕೂಡ.

"ಬಂದು ನೋಡ್ರಿ," ಎಂದಳು.

ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದು ಕೂತವಳು ದಾರಿಯುದ್ದಕ್ಕೂ ಒಂದೇ ಮಾತಾಡಿದ್ದು:

"ಗ್ವಾಡಿ ವಿಷಯ ನಾನೇ ಹೇಳತೀನಿ. ನಿನ್ನ ಕೇಳಿದ್ರ ಅವ್ವನ್ನ ಕೇಳ್ರಿ ಅನ್ನು."

ಆ ಸಂಜೆ ಚಿಗಪ್ಪ ಉಣ್ಣಲು ಕೂತಿದ್ದಾಗ ಎಲ್ಲರ ಮುಂದೆ ಅವಳು ಹೇಳಿಯೇಬಿಟ್ಟಳು. ಒಂದು ಅಕ್ಷರ ಬಿಡಲಿಲ್ಲ. ಚಿಗಪ್ಪ ತಟ್ಟೆ ನೂಕಿದ. ಪುಂಡಿಪಲ್ಯ ನೆಲದ ಮೇಲೆಲ್ಲ ಚೆಲ್ಲಿತು.

"ಅಣ್ಣ, ನಿನ್ನ ಹೇಣ್ತಿ ನಮ್ಮನ್ನ ಬೀದಿಗೆ ತಂದ್ಲು. ಕೇಳಿಸ್ತೇನು?"

ಅಪ್ಪ ಚೆಲ್ಲಿದ ಪಲ್ಯವನ್ನು ಕೈಯಿಂದ ಬಳಿದು ತಟ್ಟೆಗೆ ಹಾಕುತ್ತಿದ್ದ. "ಕೇಳಿಸ್ತು," ಅಂದ. ಅಜ್ಜಿ ಅವ್ವನ ಮುಖ ನೋಡಿ ಹೇಳಿದಳು:

"ನನ್ನ ಮನಿ ಮಾರಿ ಬಂದಿ. ಇವತ್ತಿಂದ ನಿನ್ನ ಕೂಡ ನನ್ನ ಮಾತಿಲ್ಲ."

ಅಜ್ಜಿ ಆಡಿದ್ದನ್ನು ನಡೆಸುವವಳು.

ಎಂಜಿನಿಯರು ಬಂದ ದಿನ ಬೀದಿಯ ಜನವೆಲ್ಲ ನಮ್ಮ ಬಾಗಿಲ ಮುಂದೆ. ಅವರು ಅಡುಗೆಮನೆಯಲ್ಲಿ ಬಹಳ ಹೊತ್ತು ತಲೆ ಎತ್ತಿ ನಿಂತರು, ಬಿರುಕಿನಲ್ಲಿ ಉಳಿದ ಸುಣ್ಣ ಕೆರೆದರು, ಆಮೇಲೆ ಏಣಿ ತರಿಸಿ ಮಾಳಿಗೆ ಹತ್ತಿದರು. ತಾಡಪಾಲು ಎಳೆದ ಸದ್ದು ನಮಗೆ ಕೆಳಗೆ ಕೇಳಿಸಿತು. ಚಿಗಪ್ಪನ ಮುಖ ಇಳಿದುಹೋಯಿತು. ಅವರು ಕೆಳಗೆ ಬಂದವರೇ ಕೇಳಿದರು:

"ಮೇಲೆ ಇಷ್ಟೊಂದು ಭಾರ ಪೇರಿಸಿದ್ದು ಯಾರು?"

ಬಾಗಿಲಲ್ಲಿ ನಿಂತ ಜನಕ್ಕೆಲ್ಲ ಉತ್ತರ ಗೊತ್ತಿತ್ತು.

"ನಾನ್ರಿ," ಅಂದ ಅಪ್ಪ.

ಚಿಗಪ್ಪ ತಟ್ಟನೆ ಅಪ್ಪನ ಕಡೆ ತಿರುಗಿದ. ಎಂಜಿನಿಯರು ಇಬ್ಬರನ್ನೂ ನೋಡಿದರು. ಅಪ್ಪನ ಬಿಳಿ ಅಂಗಿ, ಚಿಗಪ್ಪನ ಕೆಂಪು ಉಗುರು. ಇದನ್ನೆಲ್ಲ ಕೂಡಲೇ ಇಳಿಸಿ ಎಂದಷ್ಟೇ ಅಂದರು. ಆಮೇಲೆ ಬೆರಳಗಲದ ಒಂದು ತೆಳು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿಟ್ಟು, ಎರಡು ತುದಿಗೂ ಗಾರೆ ಮೆತ್ತಿಸಿ ಅಂಟಿಸಿದರು.

"ಭಾರ ಇಳಿದ ಮೇಲೆ ಕಲ್ಲು ಸುಮ್ಮನಾದ್ರೆ ಗಾಜು ಹೀಗೇ ಇರುತ್ತೆ. ಇನ್ನೂ ಸರೀತಾ ಇದ್ರೆ ಒಡೆಯುತ್ತೆ. ಒಡೆದ್ರೆ ಅವತ್ತೇ ನನಗೆ ತಿಳಿಸಬೇಕು, ಅವತ್ತೇ ಮನೆ ಬಿಡಬೇಕು. ಅಲ್ಲೀವರೆಗೂ ಈ ಕೋಣೇಲಿ ಯಾರೂ ಅಡುಗೆ ಮಾಡಬೇಡಿ."

ಹೊರಗೆ ಹೊರಟವರು ಪಕ್ಕದ ಬಾಗಿಲಿಗೂ ನಡೆದರು. ಸಾಲು ಒಂದೇ, ತೊಲೆಗಳೂ ಒಂದೇ ಕಾಲದವು, ನೋಡಿಬಿಡೋಣ ಎಂದರು. ಗಂಗವ್ವ ಹೊಸ್ತಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಳು. "ನಮ್ಮನ್ಯಾಗ ಎಲ್ಲಾ ಗಟ್ಟಿ ಐತ್ರಿ. ನೀವು ನಡೀರಿ." ಅವರು ಹೋದಮೇಲೆ ಅವಳು ಮುಸುರೆಯ ನೀರನ್ನು ತಂದು ಅವ್ವನ ಕಾಲ ಬುಡಕ್ಕೆ ಸುರಿದಳು.

"ನಿನ್ನ ಮನಿ ಬಿದ್ರ ಬೀಳಲಿ. ನಮ್ಮ ಬಾಗಲಿಗೆ ಯಾಕ ಕರಕೊಂಡು ಬಂದಿ? ನಮ್ಮ ಬಾಯಾಗ ಮಣ್ಣು ಹಾಕಿದೆಲ್ಲ!"

ಅವತ್ತಿನಿಂದ ಬೀದಿಯ ಹೆಂಗಸರು ನಳದ ಹತ್ತಿರ ಅವ್ವ ಬಂದರೆ ಕೊಡ ಎತ್ತಿಕೊಂಡು ಸರಿದು ನಿಲ್ಲುತ್ತಿದ್ದರು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಬೆಂಚು ಬದಲಿಸಿದಳು. ಗೋಡೆಯ ಮೇಲಿಂದ ಉಪ್ಪು ದಾಟುವುದು ನಿಂತಿತು. ಗಂಗವ್ವ ಆ ಸಂದಿಗೆ ಹಳೆಯ ಗೋಣಿಚೀಲ ತುರುಕಿದಳು.

ಚಿಗಪ್ಪ ಇಟ್ಟಿಗೆ, ಉಸುಕು, ಸರಳು ಎಲ್ಲವನ್ನೂ ತಾನೇ ಹೆಗಲ ಮೇಲೆ ಹೊತ್ತು ಇಳಿಸಿದ. ಕೂಲಿಯವರನ್ನು ಕರೆಯಲಿಲ್ಲ. ಆಮೇಲೆ ಶುರುವಾದದ್ದು ಗಾಜು ಕಾಯುವ ಕೆಲಸ. ಎದ್ದವರು ಮೊದಲು ಹೋಗಿ ಅದನ್ನು ನೋಡಬೇಕು. ಶಾಲೆಯಿಂದ ಬಂದರೆ ಚೀಲ ಇಳಿಸುವ ಮೊದಲೇ ನಾನು ಅಡುಗೆಮನೆಯ ಬಾಗಿಲಲ್ಲಿ. ಅಪ್ಪ ಅಂಗಡಿಗೆ ಗಿರಾಕಿ ಇಲ್ಲದಾಗ ಬಂದು ನೋಡಿ ಹೋಗುತ್ತಿದ್ದ. ಅಜ್ಜಿ ಅದರ ಎದುರಿಗೆ ಒಂದು ಹಣತೆ ಹಚ್ಚಿಟ್ಟಳು, ಸೋಮವಾರ ಉಪವಾಸ ಹಿಡಿದಳು. ಮೊದಮೊದಲು ಎಲ್ಲರಿಗೂ ಭಯ, ದಿನ ಕಳೆದಂತೆ ಆಸೆ. ಗಾಜು ಹಾಗೇ ಇತ್ತು. ಅಜ್ಜಿಯ ಮುಖ ಸಡಿಲವಾಯಿತು. ಅವ್ವನ ಕಡೆ ನೋಡದೆ, ಆದರೆ ಅವ್ವನಿಗೆ ಕೇಳುವಂತೆ, "ದೇವರ ಗುಡಿ ಮುಂದಿನ ಕಲ್ಲು, ಹಂಗ ಬೀಳತೈತೇನು" ಎಂದು ನನಗೆ ಹೇಳುತ್ತಿದ್ದಳು. ಅವ್ವನೂ ಅಂಗಳದ ಒಲೆಗೆ ಹೊಸ ಕಲ್ಲು ಹುಡುಕುವುದು ಬಿಟ್ಟಿದ್ದಳು. ಗಾಜು ಉಳಿಯಲಿ ಎಂದು ಅವಳೂ ಬಯಸಿದ್ದಳು ಎಂಬುದು ನನಗೆ ಗೊತ್ತು. ಒಮ್ಮೆ ಅವಳು ಹಣತೆಗೆ ಎಣ್ಣೆ ಹಾಕುತ್ತಿದ್ದುದನ್ನು ನೋಡಿದ್ದೆ.

ದೀಪಾವಳಿಗೆ ಇನ್ನೂ ಸ್ವಲ್ಪ ದಿನವಿತ್ತು. ಶಾಲೆಗೆ ಹೊರಡುವ ಮೊದಲು ಎಂದಿನಂತೆ ನೋಡಲು ಹೋದೆ. ಪಟ್ಟಿ ನಡುವೆ ಎರಡಾಗಿತ್ತು. ಒಂದು ತುಂಡು ಕಲ್ಲಿಗೇ ಅಂಟಿಕೊಂಡಿತ್ತು, ಇನ್ನೊಂದು ಕೆಳಗೆ ಒಲೆಯ ಬೂದಿಯ ಮೇಲೆ. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ, ಎಲ್ಲರೂ ಬಂದರು. ಅಜ್ಜಿ ಗೋಡೆ ಹಿಡಿದು ಕೆಳಗೆ ಕುಸಿದು ಕೂತಳು. ಚಿಗಪ್ಪ ಬಗ್ಗಿ ತುಂಡನ್ನೆತ್ತಿ ಬೆಳಕಿಗೆ ಹಿಡಿದ. ಅದರ ದಪ್ಪ ನೋಡಿದ. ನಂತರ ಮೋಟರ್‌ಸೈಕಲ್ಲು ಹತ್ತಿ ಹೋದವನು, ಬಿಸಿಲೇರುವ ಹೊತ್ತಿಗೆ ಹೊಸಪೇಟೆಯಿಂದ ತಿರುಗಿ ಬಂದ. ಕೈಯಲ್ಲಿ ಕಾಗದ ಸುತ್ತಿದ ಹೊಸ ಗಾಜಿನ ಪಟ್ಟಿ. ಫೋಟೊಗೆ ಕಟ್ಟು ಹಾಕುವ ಅಂಗಡಿಯಲ್ಲಿ ಅಳತೆ ಕೊಟ್ಟು ಕೊಯ್ಯಿಸಿದ್ದ.

"ಯಾರಿಗೂ ತಿಳಿಯಂಗಿಲ್ಲ," ಎಂದ. ಕಣ್ಣಲ್ಲಿ ನೀರಿತ್ತು. "ನಾ ಕಬ್ಬಿಣದ ಕಂಬ ತಂದು ನಿಲ್ಲಸ್ತೀನಿ. ಎಷ್ಟರ ಖರ್ಚಾಗಲಿ. ಇದೊಂದು ಸಲ ಸುಮ್ಮನಿರಿ ಅತ್ತಿಗಿ, ಕೈ ಮುಗೀತೀನಿ."

ಅವ್ವ ಬಸುವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಮಾತು ಅವಳದಲ್ಲ, ಅಪ್ಪನದು ಬಂತು.

"ಕೊಡು ಇಲ್ಲಿ."

ಚಿಗಪ್ಪ ಹೊಸ ಗಾಜು ಕೊಟ್ಟ. ಅಪ್ಪ ಅದನ್ನು ಗೋಡೆಯ ಗೂಡಿನಲ್ಲಿಟ್ಟು, ಇನ್ನೊಂದು ಕೈ ಚಾಚಿದ. "ಅದನ್ನೂ." ಚಿಗಪ್ಪ ಒಡೆದ ತುಂಡನ್ನೂ ಕೊಟ್ಟ.

"ಆವತ್ತು ನಿನ್ನ ಹೆಸರು ಮುಚ್ಚಿದೆ ವೀರೇಶ. ನೀ ನನ್ನ ತಮ್ಮ, ಮುಚ್ಚಿದೆ. ಇದನ್ನ ಮುಚ್ಚಾಕ ನನ್ನ ಕೈಲಿ ಆಗಂಗಿಲ್ಲ. ಮಕ್ಕಳ ಮ್ಯಾಲೆ ಬಿದ್ರ ಯಾರ ಹೆಸರು ಹೇಳ್ಲಿ?"

ಅಪ್ಪ ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಂಗಡಿಯ ಬಾಗಿಲು ಎಳೆದು, ಗಾಜಿನ ತುಂಡನ್ನು ವಿಭೂತಿಯ ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಅವನು ಬಸ್ಸಿಗೆ ನಡೆದ.

ಚಿಗಪ್ಪನ ಅದಿರಿನ ಲಾರಿಯಲ್ಲೇ ನಮ್ಮ ಸಾಮಾನು ಕಮಲಾಪುರಕ್ಕೆ ಹೋಯಿತು. ಎಷ್ಟು ಗುಡಿಸಿದರೂ ಲಾರಿಯ ಕೆಂಪು ಬಿಡಲಿಲ್ಲ. ಹಾಸಿಗೆ, ದೇವರ ಪಟ, ಜೋಳದ ಚೀಲ ಎಲ್ಲದರ ಮೇಲೂ ಕೆಂಪು ಹತ್ತಿತು. ಬೀದಿಯವರು ಬಾಗಿಲುಗಳಲ್ಲಿ ನಿಂತು ನೋಡಿದರು. ಯಾರೂ ಬಂದು ಕೈ ಹಚ್ಚಲಿಲ್ಲ. ಅಜ್ಜಿ ಲಾರಿಯ ಮುಂದಿನ ಸೀಟಿನಲ್ಲಿ ಎದುರಿಗೆ ನೋಡುತ್ತ ಕೂತಳು, ಹಿಂದಿರುಗಿ ನೋಡಲಿಲ್ಲ. ನಮ್ಮ ಹೊಸ ಮನೆ ತಗಡಿನ ಮಾಳಿಗೆಯ ಎರಡು ಕೋಣೆ. ಮಧ್ಯಾಹ್ನ ಒಳಗೆ ಕೂರಲು ಆಗುತ್ತಿರಲಿಲ್ಲ. ಅಪ್ಪ ದಿನಾ ಬಸ್ಸಿನಲ್ಲಿ ಹಂಪಿಗೆ ಹೋಗಿ ನೆಲದ ಮೇಲೆ ಗೋಣಿ ಹಾಸಿ ಕಾಯಿ ಮಾರಿ ಬರುತ್ತಿದ್ದ. ಅಲ್ಲಿ ಅಜ್ಜನ ಗೋಡೆ ತೆಗೆದು, ತೊಲೆಗೆ ದಪ್ಪ ಮರದ ದಿಮ್ಮಿಗಳ ಆಸರೆ ಕೊಟ್ಟಿದ್ದಾರೆಂದು ಅವನೇ ಹೇಳಿದ. ಬೇಡನ ಬಲಗೈ ಕಾಣುತ್ತಿದೆಯಂತೆ. ಅವನು ಗುರಿಯಿಟ್ಟದ್ದು ಹುಲಿಗಂತೆ. ತೊಲೆ ಬೀಳಲಿಲ್ಲ. ಅದೇ ಅವ್ವನಿಗೆ ಮುಳುವಾಯಿತು. "ಬಿದ್ದಿತೇನು? ಎಲ್ಲಿ ಬಿತ್ತು?" ಎಂದು ಬೀದಿಯವರು ಅಪ್ಪನನ್ನು ಕೇಳುತ್ತಿದ್ದರಂತೆ, ಅಪ್ಪ ಅದನ್ನು ಅವ್ವನಿಗೆ ಹೇಳುತ್ತಿರಲಿಲ್ಲ, ಆದರೂ ಅವಳ ಕಿವಿಗೆ ಬೀಳುತ್ತಿತ್ತು. ಅಜ್ಜಿಗೆ ಏನಾದರೂ ಬೇಕಾದರೆ "ಸುಮಿ, ನಿಮ್ಮವ್ವಗ ಹೇಳು" ಎನ್ನುತ್ತಿದ್ದಳು, ಅವ್ವ ಒಂದು ಮಾರು ದೂರದಲ್ಲೇ ಇರುತ್ತಿದ್ದಳು. ಚಿಗಪ್ಪ ಲಾರಿಯಲ್ಲೇ ಮಲಗತೊಡಗಿದ. ಮನೆಗೆ ಬರುವುದು ಅಪರೂಪವಾಯಿತು.

ಹೀಗೆ ಚಳಿಗಾಲ ಕಳೆಯಿತು. ಬಿಸಿಲು ಏರುತ್ತಿದ್ದ ಒಂದು ಸಂತೆಯ ದಿನ, ಕೈಯಲ್ಲಿ ಖಾಲಿ ಚೀಲ ಹಿಡಿದುಕೊಂಡು ಗಂಗವ್ವ ನಮ್ಮ ಬಾಗಿಲಿಗೆ ಬಂದು ನಿಂತಳು. ಅಜ್ಜಿ ಹೊಸ್ತಿಲಲ್ಲಿ ಹುಣಸೆ ಹಣ್ಣು ಬಿಡಿಸುತ್ತಿದ್ದಳು. ಅವ್ವ ಒಳಗೆ ಹಿಟ್ಟು ನಾದುತ್ತಿದ್ದಳು.

"ಒಳಗ ಬಾ ಅಂತೀಯೋ ಇಲ್ಲೋ ಪಾರವ್ವ?"

"ಬಾ ಅಕ್ಕ, ಕುಂದ್ರು," ಎಂದಳು ಅವ್ವ, ಹಿಟ್ಟಿನಿಂದ ಕೈ ತೆಗೆಯದೆ.

ಗಂಗವ್ವ ಕೂರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು, ತಗಡಿನ ಮಾಳಿಗೆ ನೋಡಿದಳು, ನನ್ನ ತಲೆ ಸವರಿದಳು.

"ನಮ್ಮ ಅಡಿಗಿಮನ್ಯಾಗೂ ಐತಿ," ಎಂದಳು. "ನಿಮ್ಮದಕ್ಕಿಂತ ಹಳೇದು. ನಾ ಮದಿವಿ ಆಗಿ ಬಂದಾಗ ಕೂದಲೆಳಿ ಇತ್ತು. ಈಗ ಬೆರಳು ಹೊಕ್ಕತೈತಿ. ನಮ್ಮನಿಯವ್ರು ಬಾಯಿ ಬಿಟ್ರ ಜೋಕಿ ಅಂದಾರ. ಆ ಸಾಹೇಬ್ರ ಮುಂದ ಹೆಂಗ ಮಾತಾಡಬೇಕಂತ ನಂಗ ತಿಳಿಯಂಗಿಲ್ಲ. ನೀ ಜೋಡಿ ಬರತೀಯೇನ?"

ಅವ್ವ ತಲೆ ಎತ್ತಲಿಲ್ಲ. ನಾದಿದ್ದನ್ನೇ ಮತ್ತೆ ಮತ್ತೆ ನಾದಿದಳು. ನಳದ ಹತ್ತಿರ ಸರಿದು ನಿಂತ ಕೊಡಗಳು, ಕಾಲ ಬುಡಕ್ಕೆ ಬಿದ್ದ ಮುಸುರೆ ನೀರು, ಎಲ್ಲ ಅವಳಿಗೆ ನೆನಪಿದ್ದಿರಬೇಕು. ನನಗಂತೂ ಇತ್ತು. ಬರೋದಿಲ್ಲ ಅನ್ನು, ಬರೋದಿಲ್ಲ ಅನ್ನು ಎಂದು ನಾನು ಮನಸ್ಸಿನಲ್ಲೇ ಹೇಳಿಕೊಡುತ್ತಿದ್ದೆ.

ಹೊಸ್ತಿಲಲ್ಲಿ ಅಜ್ಜಿ ಹುಣಸೆಯ ಬುಟ್ಟಿ ಪಕ್ಕಕ್ಕೆ ಸರಿಸಿದಳು. ಮೊಣಕಾಲಿಗೆ ಕೈಯೂರಿ ಎದ್ದು ಒಳಗೆ ಬಂದು, ಒಲೆಯ ಮುಂದೆ ಅವ್ವನನ್ನು ಭುಜದಿಂದ ಸರಿಸಿ ತಾನು ಕೂತಳು.

"ಪಾರವ್ವ," ಎಂದಳು. ಎಷ್ಟೋ ತಿಂಗಳ ಮೇಲೆ ಅವಳ ಬಾಯಿಂದ ಆ ಹೆಸರು ಬಂದಿತ್ತು. "ರೊಟ್ಟಿ ನಾ ಬಡೀತೀನಿ. ನೀ ಹೋಗು. ಆಕಿ ಮೊಮ್ಮಕ್ಕಳು ಅದರ ಬುಡಕ್ಕ ಮಲಗತಾವ."

ಅವ್ವ ಕೈ ತೊಳೆದುಕೊಂಡು ಸೀರೆ ಬದಲಿಸಲು ಒಳಕೋಣೆಗೆ ಹೋದಳು. ಅಜ್ಜಿ ಹಿಟ್ಟಿನ ಉಂಡೆ ಹಿಡಿದು ಬಡಿಯತೊಡಗಿದಳು.